ಕುಣಿತಕ್ಕೇಕೆ ವಯೋಮಿತಿ?

ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ನೃತ್ಯಕ್ಕೆ ಅಲಿಖಿತ ವಯೋಮಿತಿಯೊಂದಿದೆ. ಆರೇಳು ವರ್ಷದ ಹುಡುಗಿಯನ್ನು ಭರತನಾಟ್ಯ ತರಗತಿಗೆ ಸೇರಿಸುತ್ತೇವೆ. ಎಸ್ಸೆಸ್ಸೆಲ್ಸಿ ಬಂದೊಡನೆ ಗೆಜ್ಜೆ ಅಟ್ಟ ಸೇರುತ್ತದೆ. ಆ ಬಳಿಕ ಆಕೆ ಪ್ರೇಕ್ಷಕಿ ಮಾತ್ರ. ಹುಡುಗರ ಮಾತಂತೂ ಬಿಡಿ.

ನಾಡಿನ ಹಳೆಯ ಕುಣಿತಗಳಿಗೆ ಈ ಮಿತಿ ಇರಲಿಲ್ಲ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ, ಕೊಡಗಿನಲ್ಲಿ ಪುತ್ತರಿಯ ವೇಳೆ ಊರ ಮಂದ್‌ನಲ್ಲಿ ನಡೆಯುವ ಕೋಲಾಟ ಬೆಳೆದ ಗಂಡಸರದೇ. ಫಸಲಿನ ಸಂತೋಷ, ದೈವಭಕ್ತಿ, ಊರೊಟ್ಟಿನ ಬಾಂಧವ್ಯ ಅಲ್ಲಿ ಬೇರೆಬೇರೆಯಲ್ಲ. ಆರೋಗ್ಯಕ್ಕಾಗಿ ಕುಣಿಯುತ್ತೇವೆಂದು ಅವರಾರೂ ಹೇಳಿಕೊಂಡವರಲ್ಲ.

ಆರೋಗ್ಯದ ಮಾತನ್ನು ವೈದ್ಯವಿಜ್ಞಾನ ತಡವಾಗಿ ಆಡಿತು. ನ್ಯೂಯಾರ್ಕಿನಲ್ಲಿ 75 ವರ್ಷ ದಾಟಿದ 469 ಮಂದಿಯನ್ನು ಹಲವು ವರ್ಷ ಗಮನಿಸಿದ ಅಧ್ಯಯನವೊಂದು 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ದೈಹಿಕ ಚಟುವಟಿಕೆಗಳ ಪೈಕಿ ಮರೆಗುಳಿತನದ ಅಪಾಯ ಸ್ಪಷ್ಟವಾಗಿ ಕಡಿಮೆ ಕಂಡದ್ದು ನೃತ್ಯ ಮಾಡುವವರಲ್ಲಿ ಮಾತ್ರ. ನಡಿಗೆ, ಈಜುಗಳಲ್ಲಿ ಅಲ್ಲ. ನೃತ್ಯವೇ ರೋಗವನ್ನು ತಡೆಯಿತೆಂದು ಇದರಿಂದ ಸಾಧಿಸಲಾಗದು. ಮನಸ್ಸು ಚುರುಕಾಗಿದ್ದವರೇ ಕುಣಿಯುತ್ತಿದ್ದಿರಬಹುದು. ಆದರೂ ಕಾರಣ ಊಹಿಸುವುದು ಕಷ್ಟವಲ್ಲ. ಕುಣಿಯುವವನು ತಾಳ ಕೇಳಬೇಕು, ಹೆಜ್ಜೆ ನೆನಪಿಡಬೇಕು, ಜೊತೆಗಾರನ ಚಲನೆಗೆ ಕ್ಷಣದಲ್ಲೇ ಹೊಂದಿಕೊಳ್ಳಬೇಕು. ಕೋಲಾಟದಲ್ಲಿ ಗಮನ ತಪ್ಪಿದರೆ ಪೆಟ್ಟು ಬೀಳುವುದು ಬೆರಳಿಗೆ!

ನಗರದ ಉದ್ಯಾನಗಳಲ್ಲಿ ಹಿರಿಯರಿಗೆಂದು ನಡಿಗೆಯ ಪಥವಿದೆ, ಕಲ್ಲುಬೆಂಚಿದೆ. ಸಂಜೆ ಒಂದು ಗಂಟೆ ಕೋಲಾಟಕ್ಕೆ ಒಂದಿಷ್ಟು ಸಮತಟ್ಟು ಜಾಗವನ್ನೂ ಕಲಿಸಬಲ್ಲ ಜನಪದ ಕಲಾವಿದರೊಬ್ಬರಿಗೆ ಗೌರವಧನವನ್ನೂ ಪಾಲಿಕೆ ಒದಗಿಸಲಿ. ನಾಚಿಕೆ ಬಿಟ್ಟು ವೃತ್ತಕ್ಕಿಳಿಯುವ ಕೆಲಸ ಮಾತ್ರ ನಮ್ಮದು.