ಪುಸ್ತಕವೋ, ಕಂಬಳಿಯೋ?

ಮಕ್ಕಳೇ, ಈ ವಾರ ಮೊಮ್ಮಕ್ಕಳ ಜೊತೆ ಕೂತು ಮೂರು ಬಗೆಯ ಮೂರು ಚಿತ್ರ ನೋಡಿದೆ.

‘777 ಚಾರ್ಲಿ’ (2022) ನಾಯಿಯ ಕಥೆ. ಕಾಯಿಲೆಬಿದ್ದ ಚಾರ್ಲಿಗೆ ಹಿಮ ತೋರಿಸಲು ಧರ್ಮ ಹಿಮಾಲಯದವರೆಗೆ ಹೋಗುತ್ತಾನೆ. ಮೊಮ್ಮಗಳು ಅತ್ತಳು; ನಾನೂ ಕನ್ನಡಕ ಒರೆಸಿಕೊಂಡೆ.

‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಹುಡುಕಾಟದ ಕಥೆ. ಮರೆವಿನ ಕಾಯಿಲೆಯ ಅಪ್ಪನಾಗಿ ಅನಂತನಾಗ್ ಇದ್ದಾರೆ. ಅಪ್ಪ ಕಳೆದುಹೋದ ಮೇಲೆಯೇ ಮಗ ಅವರನ್ನು ಅರಿಯುತ್ತಾನೆ.

ಮನಸ್ಸಿನಲ್ಲಿ ಉಳಿದದ್ದು ಮಾತ್ರ ಹಳೆಯ ‘ಬೆಟ್ಟದ ಹೂವು’ (1985). ಬಾಲಕ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಬಡಹುಡುಗ ರಾಮು, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲೆಂದು ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಆ ದುಡ್ಡಿನಲ್ಲಿ ಮನೆಯವರಿಗೆ ಕಂಬಳಿ ತರುತ್ತಾನೆ.

“ಪುಸ್ತಕಾನ ತಗೋಬೇಕಿತ್ತಲ್ಲ ಅಜ್ಜಾ?” ಎಂದ ಮೊಮ್ಮಗ.

“ಪುಸ್ತಕ ನಾಳೆನೂ ತರಬಹುದು. ಥಂಡಿ ಇವತ್ತೈತಲ್ಲೋ” ಎಂದೆ.

ಅವನಿಗೆ ಒಪ್ಪಿಗೆಯಾಗಲಿಲ್ಲ. ನೀವೇನಂತೀರಿ?