ಅವನನ್ನೇ ಕೇಳಿ ಸಾರ್..

ನಮ್ಮ ಚಿಕ್ಕಮ್ಮನ ಮಗನಿಗೆ 32 ವರ್ಷ. ಊರವರ ಬಾಯಲ್ಲಿ 'ಬುದ್ಧಿಮಾಂದ್ಯ'. ಮೊನ್ನೆ ಮನೆ ಪಾಲಿನ ವಿಷಯಕ್ಕೆ ಅವನನ್ನು ವಕೀಲರ ಹತ್ತಿರ ಕರಕೊಂಡು ಹೋಗಿದ್ದೆ. ಅವನು ಎದುರಿಗೇ ಕೂತಿದ್ದರೂ "ಇವನಿಗೇನು ಬೇಕಂತೆ?" ಅಂತ ಅವರು ಕೇಳಿದ್ದು ನನ್ನನ್ನು!

2009ರಲ್ಲಿ ಇಂಥದ್ದೇ ತೊಂದರೆಯಿದ್ದ, ಚಂಡೀಗಢದ ಸರ್ಕಾರಿ ಆಶ್ರಯದಲ್ಲಿದ್ದ ಯುವತಿಯೊಬ್ಬಳಿಗೆ ಗರ್ಭಪಾತ ಮಾಡಿಸಲು ಹೈಕೋರ್ಟು ಆದೇಶಿಸಿತ್ತು. ಮಗು ಬೇಕು ಅಂದಿದ್ದಳು ಆಕೆ. ಅವಳ ಒಪ್ಪಿಗೆಯಿಲ್ಲದೆ ಕೂಡದು ಅಂತ ಸುಪ್ರೀಂಕೋರ್ಟು ತಡೆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 14ನೇ ಕಲಮಿನ ಪ್ರಕಾರವೂ ಅಷ್ಟೆ, ಪಾಲಕರು ಅವರ ಜೊತೆ ಸೇರಿ ನಿರ್ಧರಿಸಬೇಕೇ ಹೊರತು ಅವರ ಬದಲಿಗಲ್ಲ. ಇಂಥವರಿಗೆ ಉಚಿತ ಕಾನೂನು ನೆರವೂ ಉಂಟು. ಆದರೆ ಆ ವಕೀಲರು ಇವರ ಮಾತು ಕೇಳದಿದ್ದರೆ ಏನು ಬಂತು?

"ಅವನನ್ನೇ ಕೇಳಿ ಸಾರ್" ಅಂದೆ. ಸ್ವಲ್ಪ ತಡವಾಗಿ, ಸ್ಪಷ್ಟವಾಗಿ ಅಂದ: "ಅಮ್ಮನ ಮನೆ ಮಾರಬೇಡಿ."

ಕಾನೂನಿಗೆ ಬಂದ ಬುದ್ಧಿ ನಮಗೆ ಯಾವಾಗ? ನೀವೇನಂತೀರಿ?