ಬ್ಯಾಲಟ್‌ನ ಕೊನೆಯ ಸಾಲಿನವರೆಗೂ ಮತ ಹಾಕಿ

ಅಮೆರಿಕದ ಪೌರತ್ವ ಪಡೆದಿರುವ ಕನ್ನಡಿಗ ಬಂಧುಗಳೇ,

ಅಧ್ಯಕ್ಷೀಯ ಚುನಾವಣೆ ಬಂತೆಂದರೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಕನ್ನಡ ಕೂಟದ ಊಟದ ಸಾಲಿನಲ್ಲಿ ಚರ್ಚೆಯೋ ಚರ್ಚೆ. ಆದರೆ ಬ್ಯಾಲಟ್ ಅಧ್ಯಕ್ಷರ ಹೆಸರಿಗೇ ಮುಗಿಯುವುದಿಲ್ಲ. ಅದರ ಕೆಳಗೆ ಕಾಂಗ್ರೆಸ್ ಸದಸ್ಯರು, ರಾಜ್ಯದ ಶಾಸಕರು, ಕೌಂಟಿ ಶೆರಿಫ್, ಸಿಟಿ ಕೌನ್ಸಿಲ್, ಸ್ಕೂಲ್ ಬೋರ್ಡ್, ಕೆಲವೆಡೆ ನ್ಯಾಯಾಧೀಶರ ಹೆಸರುಗಳೂ ಇರುತ್ತವೆ. ಶಾಲಾ ಕಟ್ಟಡಕ್ಕೆ ಸಾಲ ಎತ್ತಬೇಕೇ ಬೇಡವೇ ಎಂಬ ಪ್ರಶ್ನೆಯೂ ಇರಬಹುದು. ಮೇಲಿನ ಒಂದೆರಡು ಹೆಸರಿಗೆ ಗುರುತು ಹಾಕಿ ಉಳಿದದ್ದನ್ನು ಖಾಲಿ ಬಿಡುವವರು ನಮ್ಮಲ್ಲೂ ಇದ್ದಾರೆ. ಅಧ್ಯಕ್ಷರ ಆಯ್ಕೆಯಿಲ್ಲದ ವರ್ಷವಂತೂ ಕೇಳುವುದೇ ಬೇಡ: 2014ರ ಮಧ್ಯಂತರ ಚುನಾವಣೆಯಲ್ಲಿ ದೇಶದ ಅರ್ಹ ಮತದಾರರಲ್ಲಿ ಮತ ಹಾಕಿದವರು ಶೇ 37ಕ್ಕಿಂತ ಕಡಿಮೆ.

ನಾವು ಇಲ್ಲಿಗೆ ಬಂದದ್ದು ಹೇಗೆಂದು ನೆನೆಯೋಣ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದ ಭಾರತೀಯ ಭಗತ್ ಸಿಂಗ್ ಥಿಂಡ್ ‘ಬಿಳಿಯರಲ್ಲ’, ಆದ್ದರಿಂದ ಪೌರರಾಗಲು ಅರ್ಹರಲ್ಲ ಎಂದು 1923ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. 1946ರ ಕಾನೂನು ಪೌರತ್ವದ ಹಕ್ಕು ಕೊಟ್ಟರೂ ವಲಸೆಗೆ ವರ್ಷಕ್ಕೆ ಸುಮಾರು 100 ಭಾರತೀಯರಿಗಷ್ಟೇ ಅವಕಾಶವಿತ್ತು. 1965ರ ಮಾರ್ಚ್‌ನಲ್ಲಿ ಮತದ ಹಕ್ಕು ಕೇಳಿ ಸೆಲ್ಮಾದ ಸೇತುವೆ ದಾಟಿದ ಕಪ್ಪು ಜನ ಪೊಲೀಸರ ಲಾಠಿ ಏಟು ತಿಂದರು. ಆಗಸ್ಟ್‌ನಲ್ಲಿ ಮತದಾನ ಹಕ್ಕು ಕಾಯ್ದೆ ಬಂತು. ಅದೇ ನಾಗರಿಕ ಹಕ್ಕುಗಳ ಅಲೆಯಲ್ಲಿ, ಅಕ್ಟೋಬರ್‌ನಲ್ಲಿ, ಮೂಲದೇಶ ನೋಡಿ ಕೋಟಾ ಕೊಡುವ ಪದ್ಧತಿ ಕೈಬಿಟ್ಟ ವಲಸೆ ಕಾಯ್ದೆಗೂ ಸಹಿ ಬಿತ್ತು. ಬೀದಿಗಿಳಿದ ಜನ ಕಾಂಗ್ರೆಸ್ಸನ್ನು ಮಣಿಸಿದರು. ಆ ಕಾಂಗ್ರೆಸ್ ಮಾಡಿದ ಕಾನೂನು ಊರೂರಿನ ಚಹರೆಯನ್ನೇ ಬದಲಿಸಿತು. ಇವತ್ತು ಎಡಿಸನ್, ಫ್ರೀಮಾಂಟ್, ಫ್ರಿಸ್ಕೋಗಳಲ್ಲಿ ಕನ್ನಡ ಕಿವಿಗೆ ಬೀಳುತ್ತಿದ್ದರೆ ಅದಕ್ಕೆ ಆ ಕಾಯ್ದೆಯೇ ಬುನಾದಿ.

ಸಣ್ಣ ಹುದ್ದೆಯೆಂದು ಮೂಗು ಮುರಿಯಬೇಡಿ. 1949ರಲ್ಲಿ ಪೌರತ್ವ ಪಡೆದ ದಲೀಪ್ ಸಿಂಗ್ ಸೌಂದ್ ಮೊದಲು ಗೆದ್ದದ್ದು ಕ್ಯಾಲಿಫೋರ್ನಿಯಾದ ಪುಟ್ಟ ಊರೊಂದರ ನ್ಯಾಯಾಧೀಶ ಹುದ್ದೆಗೆ. 1956ರಲ್ಲಿ ಅವರು ಕಾಂಗ್ರೆಸ್‌ಗೆ ಆಯ್ಕೆಯಾದರು. ಆ ಸಭೆಗೆ ಗೆದ್ದ ಮೊದಲ ಭಾರತೀಯ ಮೂಲದವರು ಅವರೇ.

ಆದ್ದರಿಂದ ನಮ್ಮ ಕೋರಿಕೆ ಇಷ್ಟು. ಮನೆ ಬದಲಿಸಿದ್ದರೆ ಮತದಾರರ ನೋಂದಣಿಯನ್ನೂ ಬದಲಿಸಿ. ಟೆಕ್ಸಾಸ್‌ನಲ್ಲಿ ಗಡುವು 30 ದಿನ ಮೊದಲೇ ಮುಗಿಯುತ್ತದೆ. ಒಂದೇ ಪಕ್ಷದ ಬಲವಿರುವ ಕ್ಷೇತ್ರದಲ್ಲಿ ಪ್ರೈಮರಿಯಲ್ಲೇ ಫಲಿತಾಂಶ ತೀರ್ಮಾನವಾಗಿಬಿಡುತ್ತದೆ, ಅದನ್ನು ತಪ್ಪಿಸಬೇಡಿ. ಅಂಚೆಯಲ್ಲಿ ಮತ ಕಳಿಸುವವರು ಲಕೋಟೆಯ ಮೇಲೆ ಸಹಿ ಹಾಕಲು ಮರೆಯಬೇಡಿ. ಜ್ಯೂರಿ ಕರೆ ಬಂದರೆ ನೆಪ ಹುಡುಕದೆ ಹೋಗಿ.

ಗ್ರೀನ್ ಕಾರ್ಡ್, ಎಚ್‌-1ಬಿ ವೀಸಾದಲ್ಲಿರುವವರಿಗೊಂದು ಎಚ್ಚರಿಕೆ: ಈ ಚುನಾವಣೆಗಳಲ್ಲಿ ಮತ ಹಾಕುವುದಿರಲಿ, ನೋಂದಣಿ ಅರ್ಜಿಗೂ ಸಹಿ ಹಾಕಬೇಡಿ. ಗಡೀಪಾರಾಗುವ ಅಪಾಯವಿದೆ. ಆದರೆ ಸ್ಕೂಲ್ ಬೋರ್ಡ್ ಸಭೆಗೆ ಹೋಗಿ ಮಾತಾಡಬಹುದು. 2030ರ ಜನಗಣತಿಯಲ್ಲಿ ನಿಮ್ಮ ತಲೆಯೂ ಲೆಕ್ಕಕ್ಕೆ ಬರುತ್ತದೆ. ಆ ಲೆಕ್ಕದ ಮೇಲೆಯೇ ರಾಜ್ಯಗಳಿಗೆ ಕಾಂಗ್ರೆಸ್ ಸ್ಥಾನ ಹಂಚಿಕೆ.

ಹಕ್ಕಿಗಾಗಿ ಏಟು ತಿಂದವರು ಬೇರೆಯವರು, ಫಲ ಉಣ್ಣುತ್ತಿರುವವರಲ್ಲಿ ನಾವೂ ಇದ್ದೇವೆ. ಇವತ್ತೇ ನಿಮ್ಮ ಕೌಂಟಿಯ ಚುನಾವಣಾ ಕಚೇರಿಯ ಜಾಲತಾಣ ತೆರೆದು, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ.